ಒಂದೇ ಕಣಕದಿಂದ ಕವತೆಲ್ಲಿ ಪಾಸ್ತಾ ಮತ್ತು ಗವಲಿ ಪಾಯಸ

ಪಾಸ್ತಾ ಎಂದೊಡನೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ಅಂಗಡಿಯ ಪೊಟ್ಟಣ, ಮೈದಾ ಮತ್ತು ಹಾಲಿನ ಬಿಳಿ ಸಾಸು, ಅದರ ಮೇಲೆ ಧಾರಾಳವಾಗಿ ತುರಿದ ಚೀಸು. ದಕ್ಷಿಣ ಇಟಲಿಯ ಪುಲಿಯಾ, ಮೊಲಿಸೆ ಪ್ರಾಂತ್ಯಗಳ ಮನೆಯಡುಗೆಯಲ್ಲಿ ಇವು ಯಾವುವೂ ಬೇಕಿಲ್ಲ. ಗಟ್ಟಿ ಗೋಧಿಯ ರವೆಯನ್ನು ಬರೀ ನೀರಿನಲ್ಲಿ ಕಲಸಿ, ಬೆರಳಿನಿಂದ ಒತ್ತಿ ಎಳೆದ ಕವತೆಲ್ಲಿ ಎಂಬ ಪುಟ್ಟ ತುಣುಕುಗಳು, ಅವುಗಳಿಗೆ ಜೊತೆಯಾಗಿ ಟೊಮೆಟೊ ಅಥವಾ ಒಂದು ಹಿಡಿ ಸೊಪ್ಪು, ಇಷ್ಟರಲ್ಲೇ ಮನೆಮಂದಿಯ ರಾತ್ರಿಯೂಟ ಮುಗಿಯುತ್ತದೆ. ಡ್ಯೂರಮ್ ಎಂದು ಕರೆಯುವ ಆ ಗೋಧಿ ನಮ್ಮ ಧಾರವಾಡ, ವಿಜಯಪುರ, ಬಾಗಲಕೋಟೆ ಕಡೆಯ ಎರೆಭೂಮಿಯಲ್ಲೂ ಬೆಳೆಯುತ್ತದೆ, ಮತ್ತು ಅದರ ರವೆಯನ್ನು ನಾವು ಬನ್ಸಿ ರವೆ ಎಂಬ ಹೆಸರಿನಲ್ಲಿ ಕೊಳ್ಳುತ್ತೇವೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಮದುವೆ, ಹಬ್ಬಗಳ ಪಾಯಸಕ್ಕೆಂದು ಗವಲಿ, ಪರಡಿ, ಸೌತೆಬೀಜ ಎಂಬ ಪುಟ್ಟ ಆಕಾರಗಳನ್ನು ಹೊಸೆಯುವುದು ಇಂಥ ರವೆಯ ಕಣಕದಿಂದಲೇ. ಆದ್ದರಿಂದ ಒಮ್ಮೆ ಕಣಕ ನಾದಿದರೆ ಊಟಕ್ಕೆ ಪಾಸ್ತಾ ಮತ್ತು ಕೊನೆಯಲ್ಲಿ ಸಿಹಿ, ಎರಡನ್ನೂ ಅದರಿಂದಲೇ ಮಾಡಿಕೊಳ್ಳಬಹುದು. ಇಲ್ಲಿ ಹೇಳುವ ಅಳತೆ ನಾಲ್ಕು ಜನರ ಊಟಕ್ಕೆ.

ಮೊದಲು ರವೆಯ ವಿಚಾರ, ಏಕೆಂದರೆ ಇಡೀ ಅಡುಗೆ ನಿಂತಿರುವುದು ಅದರ ಮೇಲೆ. ಇಟಲಿಯಲ್ಲಿ ಮಾರುವ ಒಣ ಪಾಸ್ತಾವನ್ನು ಡ್ಯೂರಮ್ ಗೋಧಿಯಿಂದಲೇ ಮಾಡಿರಬೇಕೆಂದು 1967ರಲ್ಲಿ ಅಲ್ಲಿ ಕಾನೂನೇ ಬಂದಿತು. ಅದಕ್ಕೆ ಕಾರಣ ರುಚಿಯಷ್ಟೇ ಅಲ್ಲ. ಈ ಗೋಧಿಯ ಅಂಟು ಬಿಗಿಯಾದದ್ದು, ಆದರೆ ರಬ್ಬರಿನಂತೆ ಹಿಂದಕ್ಕೆ ಜಗ್ಗುವುದಿಲ್ಲ. ಹೀಗಾಗಿ ಬೆರಳಿನಿಂದ ಕೊಟ್ಟ ಆಕಾರ ಹಾಗೆಯೇ ಉಳಿಯುತ್ತದೆ, ಕುದಿಯುವ ನೀರಿನಲ್ಲಿ ತುಣುಕು ಕರಗಿ ಮೆತ್ತಗಾಗುವುದೂ ಇಲ್ಲ. ಉಪ್ಪಿಟ್ಟಿನ ಸಾಮಾನ್ಯ ರವೆ ಮತ್ತು ಚಿರೋಟಿ ರವೆ ಹೆಚ್ಚಾಗಿ ಮೆದು ಗೋಧಿಯವು, ಅವುಗಳಿಂದಲೂ ಪಾಸ್ತಾ ಆಗುತ್ತದೆ, ಆದರೆ ಬಾಯಲ್ಲಿ ಆ ಗಟ್ಟಿತನ ಸಿಗುವುದಿಲ್ಲ. ಬನ್ಸಿ ರವೆಯ ತಿಳಿ ಹಳದಿ ಬಣ್ಣವೇ ಅದರ ಗುರುತು. ಅದರ ಒಂದೇ ತೊಡಕೆಂದರೆ ಅದು ತರಿತರಿಯಾಗಿರುತ್ತದೆ, ಆ ಸ್ಥಿತಿಯಲ್ಲಿ ಕಲಸಿದರೆ ಕಣಕ ಒಡೆಯುತ್ತದೆ. ಆದ್ದರಿಂದ ಅದನ್ನು ಒಣ ಮಿಕ್ಸಿ ಜಾರಿನಲ್ಲಿ ಸ್ವಲ್ಪಸ್ವಲ್ಪವೇ ಹಾಕಿ, ಬಿಟ್ಟುಬಿಟ್ಟು ತಿರುಗಿಸಿ, ಚಿರೋಟಿ ರವೆಗಿಂತ ತುಸು ನಯವಾಗುವಷ್ಟು ಮಾಡಿಕೊಂಡು ಜರಡಿ ಹಿಡಿಯಬೇಕು. ಪೂರ್ತಿ ಹಿಟ್ಟು ಮಾಡುವ ಅಗತ್ಯವಿಲ್ಲ. ವಿದೇಶದಲ್ಲಿ ನೆಲೆಸಿರುವ ಕನ್ನಡಿಗರಿಗೆ ಬನ್ಸಿ ರವೆ ಸಿಗದಿದ್ದರೆ, ಇಟಾಲಿಯನ್ ಅಂಗಡಿಗಳಲ್ಲಿ ಸೆಮೊಲಾ ರಿಮಚಿನಾತಾ ಎಂಬ ಎರಡು ಬಾರಿ ಬೀಸಿದ ಡ್ಯೂರಮ್ ರವೆ ಸಿಗುತ್ತದೆ. ಅದನ್ನು ಮಿಕ್ಸಿಗೆ ಹಾಕುವ ಕೆಲಸವೂ ಇಲ್ಲ, ಗವಲಿಗೂ ಅದು ಚೆನ್ನಾಗಿ ಒಗ್ಗುತ್ತದೆ.

ಹೀಗೆ ಸಿದ್ಧವಾದ 500 ಗ್ರಾಂ ರವೆಗೆ ಸುಮಾರು 250 ಮಿಲಿಲೀಟರ್ ಉಗುರುಬೆಚ್ಚಗಿನ ನೀರು ಬೇಕು. ರವೆಯ ಒಣತನವನ್ನು ನೋಡಿಕೊಂಡು ಇನ್ನೆರಡು ಚಮಚ ನೀರು ಹಿಡಿಯಬಹುದು. ಕಣಕಕ್ಕೆ ಉಪ್ಪು ಹಾಕುವುದು ಬೇಡ, ಇದರಲ್ಲೊಂದು ಭಾಗ ಪಾಯಸಕ್ಕೆ ಹೋಗಬೇಕು. ನೀರನ್ನು ಸ್ವಲ್ಪಸ್ವಲ್ಪವಾಗಿ ಚಿಮುಕಿಸುತ್ತ ರವೆಯನ್ನೆಲ್ಲ ತೇವ ಮಾಡಿ, ನಾದದೆ ಹಾಗೆಯೇ ಕಾಲು ಗಂಟೆ ಮುಚ್ಚಿಡಿ. ರವೆಯ ಕಾಳು ನೀರು ಕುಡಿಯಲು ಹೊತ್ತು ಹಿಡಿಯುತ್ತದೆ. ಆತುರಪಟ್ಟು ಆಗಲೇ ನೀರು ಹೆಚ್ಚಿಸಿದರೆ ಅರ್ಧ ಗಂಟೆಯ ನಂತರ ಕಣಕ ಕೈಗೆ ಅಂಟತೊಡಗುತ್ತದೆ. ಆಮೇಲೆ ಅಂಗೈಯ ಬುಡದಿಂದ ಒತ್ತಿ ಒತ್ತಿ ಹತ್ತು ನಿಮಿಷ ನಾದಬೇಕು. ಪೂರಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ, ಮೇಲ್ಮೈ ನುಣುಪಾಗಿ ಬಂದರೆ ಹದ ಸರಿಯಾಗಿದೆ. ಒದ್ದೆ ಬಟ್ಟೆ ಮುಚ್ಚಿ ಇನ್ನೊಂದು ಅರ್ಧ ಗಂಟೆ ಬಿಟ್ಟರೆ ಬಿಗಿ ಸಡಿಲಗೊಂಡು ಹೊಸೆಯಲು ಹಗುರವಾಗುತ್ತದೆ.

ಈ ಕಣಕದಲ್ಲಿ ಐದನೇ ಒಂದು ಭಾಗವನ್ನು, ಅಂದರೆ ಸುಮಾರು 150 ಗ್ರಾಮಿನಷ್ಟನ್ನು, ಗವಲಿಗೆ ತೆಗೆದಿಡಿ ಮತ್ತು ಅದನ್ನೇ ಮೊದಲು ಮಾಡಿ, ಏಕೆಂದರೆ ಅದಕ್ಕೆ ಆರಲು ಸಮಯ ಬೇಕು. ಕಣಕವನ್ನು ದಾರದಷ್ಟು ತೆಳ್ಳಗೆ ಹೊಸೆದು, ತುದಿಯಿಂದ ಅಕ್ಕಿಕಾಳಿನಷ್ಟನ್ನೇ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು, ಒಮ್ಮೆ ತಿರುವಿ ಕಿತ್ತರೆ ಎರಡೂ ತುದಿ ಚೂಪಾದ ಕಾಳು ಬೀಳುತ್ತದೆ. ನುರಿತ ಕೈಗಳು ಮಾತಾಡುತ್ತಲೇ ಇದನ್ನು ಮಳೆಯಂತೆ ಉದುರಿಸುತ್ತವೆ. ಮೊದಲ ಸಲ ಮಾಡುವವರಿಗೆ ಅದು ಸಾಧ್ಯವಿಲ್ಲ, ಸಾಧ್ಯವಾಗಬೇಕೆಂದೂ ಇಲ್ಲ. ಕಾಳು ಸ್ವಲ್ಪ ದಪ್ಪವಾದರೆ ಸೌತೆಬೀಜವೆಂದು ಕರೆದುಕೊಂಡರಾಯಿತು, ಬೇಯಲು ನಾಲ್ಕು ನಿಮಿಷ ಹೆಚ್ಚು ಬೇಕಾದೀತು. ಒಣ ರವೆ ಉದುರಿಸಿದ ತಟ್ಟೆಯಲ್ಲಿ ಒಂದಕ್ಕೊಂದು ಅಂಟದಂತೆ ಹರಡಿ ಫ್ಯಾನಿನ ಕೆಳಗಿಡಿ.

ಉಳಿದ ಕಣಕ ಕವತೆಲ್ಲಿಗೆ. ಇದಕ್ಕೆ ಕಟ್ಟಿಗೆಯ ಮಣೆಯೇ ಬೇಕು. ಗ್ರಾನೈಟು ಕಟ್ಟೆ ಅಥವಾ ಸ್ಟೀಲಿನ ಮೇಲೆ ತುಣುಕು ಜಾರಿಬಿಡುತ್ತದೆಯೇ ಹೊರತು ಸುರುಳುವುದಿಲ್ಲ. ನಿಂಬೆಹಣ್ಣಿನ ಗಾತ್ರದ ಉಂಡೆ ತೆಗೆದುಕೊಂಡು, ಉಳಿದದ್ದನ್ನು ಮುಚ್ಚಿಟ್ಟು, ಕಿರುಬೆರಳಿಗಿಂತ ಸಣ್ಣ ಬತ್ತಿಯಾಗಿ ಹೊಸೆಯಿರಿ. ಅದನ್ನು ಒಂದೂವರೆ ಸೆಂಟಿಮೀಟರ್ ಉದ್ದದ ತುಣುಕುಗಳಾಗಿ ಕತ್ತರಿಸಿ. ಪ್ರತಿ ತುಣುಕಿನ ಮೇಲೆ ತೋರುಬೆರಳು ಮತ್ತು ನಡುಬೆರಳ ತುದಿಗಳನ್ನಿಟ್ಟು, ಒತ್ತುತ್ತಲೇ ನಿಮ್ಮ ಕಡೆಗೆ ಎಳೆದರೆ, ಅದು ಮಣೆಗೆ ಉಜ್ಜಿಕೊಂಡು ಒಳಗೆ ಟೊಳ್ಳಾಗಿ ಸುರುಳಿಕೊಳ್ಳುತ್ತದೆ. ಒತ್ತಡ ಕಡಿಮೆಯಾದರೆ ನಡುವೆ ದಪ್ಪ ಉಳಿದು ಹಸಿಯಾಗಿರುತ್ತದೆ, ಹೆಚ್ಚಾದರೆ ಹರಿಯುತ್ತದೆ. ಆ ಟೊಳ್ಳು ಅಲಂಕಾರಕ್ಕಲ್ಲ, ಸಾಸು ನಿಲ್ಲುವುದೇ ಅಲ್ಲಿ. ಇದೇ ತುಣುಕನ್ನು ಮೊಂಡು ಚಾಕುವಿನಿಂದ ಎಳೆದು, ಹೆಬ್ಬೆರಳ ಮೇಲೆ ಮಗುಚಿದರೆ ಒರೆಕ್ಕಿಯೆತ್ತೆ ಎಂಬ ಇನ್ನೊಂದು ಪಾಸ್ತಾ ಆಗುತ್ತದೆ. ಪುಲಿಯಾದ ಬಾರಿ ನಗರದ ಹಳೆಯ ಭಾಗದಲ್ಲಿ ಆರ್ಕೊ ಬಾಸ್ಸೊ ಎಂಬ ಓಣಿಯಿದೆ, ಅಲ್ಲಿ ಹೆಂಗಸರು ಮನೆ ಬಾಗಿಲಿಗೆ ಮೇಜು ಹಾಕಿಕೊಂಡು ಕುಳಿತು ಇದನ್ನು ಮಾಡಿ ಮಾರುತ್ತಾರೆ. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಳ್ಳಿ, ಕವತೆಲ್ಲಿ ಚಿಕ್ಕ ಬೆರಳುಗಳಿಗೆ ಬಹಳ ಬೇಗ ಒಲಿಯುತ್ತದೆ. ಆದರೆ ಗಾತ್ರ ಒಂದೇ ಸಮ ಇರುವಂತೆ ಮಾತ್ರ ನೋಡಿಕೊಳ್ಳಬೇಕು, ಇಲ್ಲವಾದರೆ ಕೆಲವು ಬೆಂದು ಕೆಲವು ಬೇಯದೆ ಉಳಿಯುತ್ತವೆ.

ಸಾಸಿಗೆ ಒಂದು ಕಿಲೋ ಟೊಮೆಟೊ. ಸಾರಿಗೆ ಹಾಕುವ ನಾಟಿ ಟೊಮೆಟೊ ಹುಳಿ ಹೆಚ್ಚು, ನೀರೂ ಹೆಚ್ಚು. ಕೋಲಾರದ ಮಾರುಕಟ್ಟೆಯಿಂದ ರಾಶಿರಾಶಿಯಾಗಿ ಬರುವ ದಪ್ಪ ತಿರುಳಿನ ಹೈಬ್ರಿಡ್ ಹಣ್ಣಿಗೆ ಹುಳಿ ಸಾಲದು. ಮೂರು ಪಾಲು ಹೈಬ್ರಿಡ್‌ಗೆ ಒಂದು ಪಾಲು ನಾಟಿ ಸೇರಿಸಿದರೆ ಎರಡರ ಕೊರತೆಯೂ ನೀಗುತ್ತದೆ. ಹಣ್ಣನ್ನು ಅಡ್ಡಕ್ಕೆ ಕತ್ತರಿಸಿ ತುರಿಮಣೆಯಲ್ಲಿ ತುರಿದರೆ ತಿರುಳು ಪಾತ್ರೆಗೆ ಬಿದ್ದು ಸಿಪ್ಪೆ ಕೈಯಲ್ಲಿ ಉಳಿಯುತ್ತದೆ, ಬೇಯಿಸಿ ಸುಲಿಯುವ ಗೋಜಿಲ್ಲ. ಅಗಲವಾದ ಬಾಣಲೆಯಲ್ಲಿ ನಾಲ್ಕು ಚಮಚ ಎಣ್ಣೆ ಕಾಯುವ ಮುನ್ನವೇ ತೆಳ್ಳಗೆ ಹೆಚ್ಚಿದ ಐದು ಎಸಳು ಬೆಳ್ಳುಳ್ಳಿ ಮತ್ತು ಬೀಜ ತೆಗೆದ ಒಂದು ಬ್ಯಾಡಗಿ ಮೆಣಸಿನಕಾಯಿ ಹಾಕಿ, ಸಣ್ಣ ಉರಿಯಲ್ಲಿ ಪರಿಮಳ ಬರುವ ತನಕ ಇಡಿ. ಬೆಳ್ಳುಳ್ಳಿ ಕೆಂಪಾದರೆ ಸಾಸು ಕಹಿಯಾಗುತ್ತದೆ. ಆಲಿವ್ ಎಣ್ಣೆ ದುಬಾರಿಯೆನಿಸಿದರೆ ಸೂರ್ಯಕಾಂತಿ ಎಣ್ಣೆಯಲ್ಲಿ ಮಾಡಿ ಕೊನೆಗೊಂದು ಚಮಚ ಆಲಿವ್ ಎಣ್ಣೆ ಹಾಕಬಹುದು; ಗಾಣದ ಶೇಂಗಾ ಎಣ್ಣೆಯ ಘಮ ಮಾತ್ರ ಇಲ್ಲಿ ಮೇಲುಗೈ ಸಾಧಿಸಿಬಿಡುತ್ತದೆ. ತುರಿದ ಟೊಮೆಟೊ ಮತ್ತು ಉಪ್ಪು ಸೇರಿಸಿ, ಮುಚ್ಚದೆ, ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಕುದಿಸಿದಾಗ ಅಂಚಿನಲ್ಲಿ ಎಣ್ಣೆ ಬಿಡಲು ಶುರುವಾಗುತ್ತದೆ. ಹುಳಿ ಮಿಕ್ಕರೆ ಚಿಟಿಕೆ ಬೆಲ್ಲ ಸಾಕು. ಸಾಸಿವೆ, ಜೀರಿಗೆ, ಗರಂ ಮಸಾಲೆ ಯಾವುದೂ ಬೇಡ. ಒಗ್ಗರಣೆಗೆ ಹೋಗುವ ಕೈಯನ್ನು ಒಂದು ಸಂಜೆ ತಡೆದುಕೊಂಡರೆ ಟೊಮೆಟೊದ ರುಚಿ ಎಷ್ಟಿದೆಯೆಂದು ಗೊತ್ತಾಗುತ್ತದೆ. ಒಲೆ ಆರಿಸಿದ ಮೇಲೆ ಹತ್ತು ಎಲೆ ಬೇಸಿಲ್ ಹರಿದು ಹಾಕಿ. ಅದು ಸಿಗದಿದ್ದರೆ ಕೈತೋಟದ ಕಾಮಕಸ್ತೂರಿ ಅದೇ ಜಾತಿಯ ಗಿಡ, ಪರಿಮಳ ತುಸು ಖಾರ, ಆದ್ದರಿಂದ ಅರ್ಧದಷ್ಟು ಸಾಕು. ತುಳಸಿ ಬೇರೆಯೇ ಗಿಡ, ಇಲ್ಲಿ ಹೊಂದುವುದಿಲ್ಲ.

ಚೀಸಿನ ಬಗ್ಗೆ ಸಸ್ಯಾಹಾರಿಗಳು ಗಮನಿಸಬೇಕಾದ ಸಂಗತಿಯೊಂದಿದೆ. ಪಾರ್ಮಿಜಾನೊ ರೆಜ್ಜಾನೊ ಚೀಸಿನ ಹಾಲನ್ನು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಅದರ ಬದಲು ದಕ್ಷಿಣ ಇಟಲಿಯ ಬಡವರ ಮನೆಗಳ ರೂಢಿಯನ್ನೇ ಅನುಸರಿಸುವುದು ನನಗೆ ಹೆಚ್ಚು ಇಷ್ಟ: ಎರಡು ತುಂಡು ಹಳೆಯ ಬ್ರೆಡ್ಡನ್ನು ಪುಡಿ ಮಾಡಿ, ಎರಡು ಚಮಚ ಎಣ್ಣೆಯಲ್ಲಿ ಹೊಂಬಣ್ಣಕ್ಕೆ ಹುರಿದು, ಉಪ್ಪು ಬೆರೆಸಿ, ಬಡಿಸುವಾಗ ಮೇಲೆ ಉದುರಿಸುವುದು. ಮೆತ್ತನೆಯ ಸಾಸಿನ ನಡುವೆ ಆ ಗರಿಗರಿ ಚೀಸಿಗಿಂತ ಚೆನ್ನಾಗಿರುತ್ತದೆ.

ಪಾಸ್ತಾ ಬೇಯಿಸಲು ನಾಲ್ಕು ಲೀಟರ್ ನೀರು ಕುದಿಸಿ ಸುಮಾರು 30 ಗ್ರಾಂ ಉಪ್ಪು ಹಾಕಿ. ಉಪ್ಪು ಹೆಚ್ಚಾಯಿತೆಂದು ಅನಿಸಬಹುದು, ಆದರೆ ಅದರಲ್ಲಿ ಬಹುಪಾಲು ನೀರಿನೊಂದಿಗೇ ಹೋಗುತ್ತದೆ. ನೀರಿಗೆ ಎಣ್ಣೆ ಹಾಕುವ ಅಭ್ಯಾಸದಿಂದ ಪ್ರಯೋಜನವಿಲ್ಲ, ಬೆಂದ ಮೇಲೆ ತಣ್ಣೀರಿನಲ್ಲಿ ತೊಳೆಯುವುದಂತೂ ಸಾಸು ಹಿಡಿದುಕೊಳ್ಳುವ ಪಿಷ್ಟವನ್ನೇ ತೆಗೆದುಹಾಕುತ್ತದೆ. ತುಣುಕುಗಳು ಮೇಲೆ ತೇಲಿದ ನಂತರ ನಾಲ್ಕೈದು ನಿಮಿಷ ಬೇಯಬೇಕು. ಒಂದನ್ನು ಕಚ್ಚಿ ನೋಡುವುದೇ ನಂಬಬಹುದಾದ ಪರೀಕ್ಷೆ. ಬೇಯಿಸಿದ ನೀರಿನಲ್ಲಿ ಒಂದು ಲೋಟ ತೆಗೆದಿಟ್ಟು, ಪಾಸ್ತಾವನ್ನು ಬಸಿದು ನೇರವಾಗಿ ಸಾಸಿನ ಬಾಣಲೆಗೆ ಸುರಿದು, ಆ ನೀರನ್ನು ಸ್ವಲ್ಪಸ್ವಲ್ಪ ಸೇರಿಸುತ್ತ ದೊಡ್ಡ ಉರಿಯಲ್ಲಿ ಎರಡು ನಿಮಿಷ ಮಗುಚಿದರೆ, ನೀರಿನ ಪಿಷ್ಟವು ಎಣ್ಣೆಯನ್ನೂ ಟೊಮೆಟೊವನ್ನೂ ಕೂಡಿಸಿ ಪ್ರತಿ ತುಣುಕಿಗೂ ಹೊದಿಸುತ್ತದೆ. ಕೆನೆ ಹಾಕದೆಯೇ ಸಾಸು ಮಂದವಾಗುವುದು ಇದರಿಂದ. ವಾರದ ನಡುವೆ ಹೊಸೆಯಲು ಪುರುಸೊತ್ತಿಲ್ಲದಿದ್ದರೆ ಪೊಟ್ಟಣದ ಮೇಲೆ ಡ್ಯೂರಮ್ ಗೋಧಿಯ ರವೆ ಎಂದಿರುವ ಪಾಸ್ತಾ ಕೊಂಡು ಇದೇ ಸಾಸಿಗೆ ಬೆರೆಸಬಹುದು.

ಇಷ್ಟರಲ್ಲಿ ಗವಲಿಯ ಮೇಲ್ಮೈ ಒಣಗಿರುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ತುಪ್ಪ ಕಾಯಿಸಿ, ಅದನ್ನು ಸಣ್ಣ ಉರಿಯಲ್ಲಿ ಆರೇಳು ನಿಮಿಷ ಹುರಿಯಿರಿ. ಈ ಹುರಿತವೇ ಕಾಳುಗಳು ಮುದ್ದೆಯಾಗದಂತೆ ತಡೆಯುವುದು. ಅರ್ಧ ಲೀಟರ್ ಕುದಿಯುವ ನೀರು ಹಾಕಿ ಹನ್ನೆರಡು ನಿಮಿಷದಷ್ಟು ಮೆತ್ತಗೆ ಬೇಯಿಸಿ. ಬೇಯುವ ಮೊದಲೇ ಬೆಲ್ಲ ಹಾಕಿದರೆ ಕಾಳು ಗಟ್ಟಿಯಾಗಿಯೇ ಉಳಿದುಬಿಡುತ್ತದೆ. ಬೆಂದ ಮೇಲೆ ಅರ್ಧ ಲೀಟರ್ ಕಾದಾರಿದ ಗಟ್ಟಿ ಹಾಲು ಸೇರಿಸಿ ಒಂದು ಕುದಿ ಬರಿಸಿ ಒಲೆ ಆರಿಸಿ. 150 ಗ್ರಾಂ ಬೆಲ್ಲವನ್ನು ಬೇರೆ ಪಾತ್ರೆಯಲ್ಲಿ ಸ್ವಲ್ಪ ನೀರಿನೊಡನೆ ಕರಗಿಸಿ, ಸೋಸಿ, ಪಾಯಸದ ಬಿಸಿ ತುಸು ಇಳಿದ ಮೇಲೆಯೇ ಬೆರೆಸಬೇಕು, ಏಕೆಂದರೆ ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಹಾಲು ಒಡೆಯುವುದುಂಟು. ಹಾಲಿನ ಬದಲು ತೆಂಗಿನಹಾಲು ಹಾಕುವುದಾದರೆ ಈ ಆತಂಕವಿಲ್ಲ, ಆದರೆ ಅದನ್ನು ಹಾಕಿದ ಮೇಲೆ ಬಹಳ ಕುದಿಸಬಾರದು. ಏಲಕ್ಕಿ ಪುಡಿ, ಚೂರು ಜಾಯಿಕಾಯಿ, ಒಂದು ಚಮಚ ಹುರಿದ ಗಸಗಸೆ ಮತ್ತು ತುಪ್ಪದಲ್ಲಿ ಹುರಿದ ಒಣಕೊಬ್ಬರಿಯ ಚೂರು ಹಾಕಿದರೆ ಸಾಕು; ಗೋಡಂಬಿ, ದ್ರಾಕ್ಷಿ ನಿಮ್ಮ ಇಷ್ಟ.

ಗವಲಿಯನ್ನು ಹೆಚ್ಚಿಗೆ ಮಾಡಿಟ್ಟುಕೊಳ್ಳುವುದಾದರೆ ಬೇಸಿಗೆಯ ಬಿಸಿಲೇ ಸರಿಯಾದ ಕಾಲ. ಕಾಳು ಮುರಿದರೆ ಟಕ್ಕೆಂದು ಸದ್ದಾಗುವಷ್ಟು ಒಣಗಬೇಕು, ಒಳಗೆ ಪಸೆ ಉಳಿದರೆ ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಒಣಗಿಸಲು ಹೋಗದೆ, ಕವತೆಲ್ಲಿಯಾಗಲಿ ಗವಲಿಯಾಗಲಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ, ಬೇಕಾದಾಗ ಕರಗಿಸದೆ ನೇರವಾಗಿ ಕುದಿಯುವ ನೀರಿಗೆ ಹಾಕಬಹುದು. ಉಳಿದ ಪಾಯಸ ಬೆಳಗಾಗುವಷ್ಟರಲ್ಲಿ ಗಟ್ಟಿಯಾಗಿರುತ್ತದೆ. ಅರ್ಧ ಲೋಟ ಬೆಚ್ಚಗಿನ ಹಾಲು ಬೆರೆಸಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಹದಕ್ಕೆ ಬರುತ್ತದೆ.