ಕೊನೆಭಾಗಕ್ಕೆ ನೀರು ಮುಟ್ಟಬೇಕಲ್ವಾ: ವ್ರ್ಯಾಪರ್ ಸ್ಕ್ರಿಪ್ಟ್ ಬರೆಯುವವರಿಗೆ

ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ, ಕಂಪ್ಯೂಟರ್ ಎರಡೂ ನನ್ನ ತಲೆಗೇ. ತೂಕದ ಚೀಟಿಗಳ ಫೈಲುಗಳಲ್ಲಿ ರೈತರ ಹೆಸರು ಹುಡುಕಲು ಗ್ರೆಪ್ (ಫೈಲಿನಲ್ಲಿ ಪದ ಹುಡುಕುವ ಕಮಾಂಡ್) ಮೇಲೊಂದು ಚಿಕ್ಕ ಬ್ಯಾಷ್ ಶೆಲ್ ಸ್ಕ್ರಿಪ್ಟ್ ಬರೆದೆ. ಕೊಟ್ಟದ್ದನ್ನು ಒಳಗಿನ ಕಮಾಂಡಿಗೆ ದಾಟಿಸುವ ಇಂಥ ಹೊದಿಕೆಗೇ ವ್ರ್ಯಾಪರ್ ಅನ್ನುವುದು. ಹೆಸರು ‘ಹುಡುಕು’. ದೊಡ್ಡಕ್ಷರ, ಚಿಕ್ಕಕ್ಷರ ಅಂತ ಭೇದ ಮಾಡದಿರಲಿ ಎಂದು -ಐ ಅನ್ನುವ ಒಂದು ಆಯ್ಕೆ ಸೇರಿಸಿದ್ದು ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ.

ಮೊದಲ ದಿನವೇ ಕೈಕೊಟ್ಟಿತು. ಫೈಲಿನ ಹೆಸರು ‘ಸೋನಾ ಮಸೂರಿ’. ಕೊಡುವಾಗ ಕೋಟ್ ಹಾಕಿಯೇ ಕೊಟ್ಟಿದ್ದೆ. ಆದರೂ ‘ಸೋನಾ’ ಫೈಲ್ ಇಲ್ಲ, ‘ಮಸೂರಿ’ ಫೈಲೂ ಇಲ್ಲ ಅಂತ ಎರಡು ತಕರಾರು!

ಸ್ಕ್ರಿಪ್ಟಿನಲ್ಲಿ ಸುಮ್ನೆ $* (ಅಂದರೆ ಸ್ಕ್ರಿಪ್ಟಿಗೆ ಕೊಟ್ಟದ್ದೆಲ್ಲ) ಬರೆದಿದ್ದೆ. ಅದು ಎಲ್ಲವನ್ನೂ ಖಾಲಿ ಜಾಗ ಇದ್ದಲ್ಲೆಲ್ಲ ಮತ್ತೆ ಒಡೆಯುತ್ತದೆ. ಕೋಟ್ ಹಾಕಿ "$*" ಮಾಡಿದೆ. ಈಗ ಹೆಸರು, ಫೈಲು ಎರಡೂ ಅಂಟಿ ಒಂದೇ ಪದವಾಯಿತು. ಗ್ರೆಪ್ ಅದನ್ನೇ ಹುಡುಕುವ ಪದ ಅಂದುಕೊಂಡು ಕೀಬೋರ್ಡಿನಿಂದ ಏನೋ ಬರಲಿ ಎಂದು ಕಾಯುತ್ತಾ ಕೂತಿತು. ಬೇಕಿದ್ದದ್ದು ಇಷ್ಟೇ (ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ):

ಎಕ್ಸೆಕ್ ಗ್ರೆಪ್ -ಐ "$@"

ಇದು ಕೊಟ್ಟ ಒಂದೊಂದನ್ನೂ ಒಡೆಯದೆ, ಅಂಟಿಸದೆ ಹಾಗೇ ದಾಟಿಸುತ್ತದೆ. ಕೋಟ್ ಮರೆಯಬೇಡಿ. ಕೋಟ್ ಇಲ್ಲದ $@ ಕೂಡ $* ಹಾಗೆಯೇ ಒಡೆಯುತ್ತದೆ. ಎಕ್ಸೆಕ್ ಯಾಕೆ ಅಂದರೆ, ಶೆಲ್ ಪಕ್ಕಕ್ಕೆ ಸರಿದು ಅದರ ಜಾಗದಲ್ಲಿ ಗ್ರೆಪ್ಪೇ ಓಡುತ್ತದೆ. ಮುಗಿಯುವಾಗ ಅದು ಫಲಿತಾಂಶವಾಗಿ ಕೊಡುವ 0, 1, 2 (ಸಿಕ್ಕಿತು, ಸಿಗಲಿಲ್ಲ, ತಪ್ಪಾಯಿತು) ನೇರವಾಗಿ ಕರೆದವರಿಗೆ ಮುಟ್ಟುತ್ತದೆ. ನಿಮ್ಮ ಸ್ಕ್ರಿಪ್ಟಿಗೇ ಒಂದು ಆಯ್ಕೆ ಬೇಕಿದ್ದರೆ $1 (ಕೊಟ್ಟದ್ದರಲ್ಲಿ ಮೊದಲನೆಯದು) ನೋಡಿ, ಶಿಫ್ಟ್ ಮಾಡಿ ಅದನ್ನು ತೆಗೆದು, ಉಳಿದದ್ದನ್ನು ಹೀಗೇ ದಾಟಿಸಿ.

ಪೈಪಿಗೆ (ಒಂದು ಕಮಾಂಡಿನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಹರಿಸುವುದಕ್ಕೆ) ಬೇರೆ ಏನೂ ಮಾಡಬೇಕಿಲ್ಲ. ಸ್ಕ್ರಿಪ್ಟಿಗೆ ಬಂದ ಇನ್‌ಪುಟ್ ತಾನಾಗಿಯೇ ಗ್ರೆಪ್ಪಿಗೆ ಹೋಗುತ್ತದೆ. ನಡುವೆ ನೀವು ಕುಡಿಯಬಾರದು ಅಷ್ಟೆ. ನಾನು ಕುಡಿದಿದ್ದೆ. ಸಾಲು ಎಷ್ಟಿವೆ ನೋಡೋಣ ಎಂದು ಮೊದಲು ಎಣಿಸಿದೆ, ಗ್ರೆಪ್ಪಿಗೆ ಏನೂ ಉಳಿಯಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನಾವು ಮೇಲಿನವರೇ ಎಲ್ಲ ತಿರುಗಿಸಿಕೊಂಡರೆ ಕೊನೆಭಾಗದ ಮಾನ್ವಿ, ಸಿರವಾರದವರಿಗೆ ಏನು ಮುಟ್ಟುತ್ತದೆ? ಹರಿದು ಹೋದದ್ದು ಹಿಂದಕ್ಕೆ ಬರುವುದಿಲ್ಲ. ಎರಡು ಸಲ ಓದಲೇಬೇಕಿದ್ದರೆ ಮೊದಲು ಒಂದು ತಾತ್ಕಾಲಿಕ ಫೈಲಿಗೆ ತುಂಬಿಸಿಕೊಳ್ಳಿ.

ಬರೀ ಪದ ಕೊಟ್ಟು ಫೈಲನ್ನೂ ಪೈಪನ್ನೂ ಕೊಡದಿದ್ದರೆ ಗ್ರೆಪ್ ಕೀಬೋರ್ಡಿಗೆ ಕಾಯುತ್ತದೆ, ನಮ್ಮ ಗುಮಾಸ್ತರು ಕಂಪ್ಯೂಟರ್ ಹ್ಯಾಂಗ್ ಆಯಿತು ಅಂತ ಫೋನ್ ಮಾಡುತ್ತಾರೆ. ಅದಕ್ಕೆ $# (ಕೊಟ್ಟವು ಎಷ್ಟು ಎಂಬ ಎಣಿಕೆ) 2ಕ್ಕಿಂತ ಕಡಿಮೆ ಇದ್ದು, [ -ಟಿ 0 ] ಕೂಡ ನಿಜವಾದರೆ (ಅಂದರೆ ಇನ್‌ಪುಟ್ ಟರ್ಮಿನಲ್ಲಿನಿಂದಲೇ ಇದ್ದರೆ) ಬಳಸುವ ರೀತಿ ತೋರಿಸಿ ನಿಲ್ಲಿಸುತ್ತೇನೆ. ಟರ್ಮಿನಲ್ ಇಲ್ಲ ಅಂದಮಾತ್ರಕ್ಕೆ ಪೈಪ್ ಇದೆ ಅಂದುಕೊಳ್ಳಬೇಡಿ. ಹೊತ್ತಿಗೆ ಸರಿಯಾಗಿ ಕೆಲಸಗಳನ್ನು ತಾನೇ ಓಡಿಸುವ ಕ್ರಾನ್‌ನಲ್ಲಿ ಟರ್ಮಿನಲ್ಲೂ ಇರುವುದಿಲ್ಲ, ನೀವು ಪೈಪಿನಲ್ಲಿ ಕಳಿಸಿದ ಇನ್‌ಪುಟ್ಟೂ ಇರುವುದಿಲ್ಲ.

ನನ್ನನ್ನು ಜಾಸ್ತಿ ಸತಾಯಿಸಿದ್ದು ಲೂಪ್. ಮಿಲ್ಲು, ಗೋದಾಮು, ವೇಬ್ರಿಡ್ಜ್, ಹೀಗೆ ಮೂರು ಕಂಪ್ಯೂಟರಿನ ಪಟ್ಟಿಯನ್ನು ಒಂದೊಂದೇ ಸಾಲು ಓದುವ ವೈಲ್ ರೀಡ್ ಲೂಪಿಗೆ ಪೈಪ್ ಮಾಡಿ, ಒಳಗೆ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿನಲ್ಲಿ ಕಮಾಂಡ್ ನಡೆಸುವ ಪ್ರೋಗ್ರಾಂ) ಓಡಿಸಿದೆ. ಮಿಲ್ಲಿನದು ಬಂತು, ಅಲ್ಲಿಗೇ ನಿಂತಿತು. ಉಳಿದ ಎರಡು ಸಾಲುಗಳನ್ನು ಎಸ್‌ಎಸ್‌ಎಚ್ಚೇ ನುಂಗಿತ್ತು! ಅದಕ್ಕೆ -ಎನ್ ಕೊಟ್ಟರೆ ಪಟ್ಟಿಗೆ ಬಾಯಿ ಹಾಕುವುದಿಲ್ಲ. ಆ ಒಂದು ಅಕ್ಷರ ಹುಡುಕಲು ನನಗೆ ಅರ್ಧ ದಿನ ಹಿಡಿಯಿತು.