ತುಟಿ ನೋಡಲಾ, ರಸ್ತೆ ನೋಡಲಾ?

ನನಗೆ ಕಿವಿ ತುಂಬಾ ಮಂದ. ಎದುರಿನವರ ತುಟಿ ನೋಡಿಯೇ ಮಾತು ಅರ್ಥ ಮಾಡಿಕೊಳ್ಳುತ್ತೇನೆ. ಸ್ಟಿಯರಿಂಗ್ ಹಿಡಿದಾಗ ಇದೇ ಫಜೀತಿ. ಮೊದಲ ಟೆಸ್ಟ್‌ನಲ್ಲಿ ಪಕ್ಕದಲ್ಲಿ ಕೂತ ಪರೀಕ್ಷಕರು ಏನೋ ಅಂದರು. ತಿರುಗಿ ಅವರ ಮುಖ ನೋಡಿದೆ. ರಸ್ತೆ ಮೇಲೆ ಗಮನ ಇಲ್ಲ ಅಂತ ಬರೆದು ಫೇಲ್ ಮಾಡಿದರು. ತಪ್ಪು ಅವರದ್ದಲ್ಲ ಅನ್ನಿ, ನಾನು ಮೊದಲೇ ಹೇಳಿರಲಿಲ್ಲ. ಹೇಳಿದರೆ ಲೈಸೆನ್ಸ್ ಕೊಡಲ್ಲವೇನೋ ಅಂತ ಸುಮ್ನೆ ಹೆದರಿದ್ದೆ.

ಎರಡನೇ ಸಲ ಅರ್ಜಿ ಹಾಕುವಾಗಲೇ ಬರೆದುಕೊಟ್ಟೆ, ಜೊತೆಗೆ ಡಾಕ್ಟರ್ ಪತ್ರ. 'ಕಿವಿ ಕೇಳಲ್ಲ, ಸಹಾಯ ಮಾಡಿ' ಅಂತಷ್ಟೇ ಬರೆದರೆ ಸಾಲದು, ಏನು ಬೇಕು ಅಂತ ಬಿಡಿಸಿ ಹೇಳಬೇಕು. ನಾನು ಕೇಳಿದ್ದು ಇಷ್ಟು: ವಿವರಣೆ ಎಲ್ಲಾ ಗಾಡಿ ನಿಂತಿರುವಾಗ, ಕಾಗದದ ಮೇಲೆ. ಓಡುವಾಗ ಬರೀ ಕೈ ಸನ್ನೆ, ಅದೂ ಡ್ಯಾಶ್‌ಬೋರ್ಡ್ ಎತ್ತರದಲ್ಲಿ, ತಿರುವಿಗಿಂತ ಸಾಕಷ್ಟು ಮುಂಚೆ. ಅಲ್ಲಿ ಕೈ ಆಡಿದರೆ ತಲೆ ತಿರುಗಿಸದೆ ಕಣ್ಣಂಚಿನಲ್ಲೇ ಕಾಣುತ್ತದೆ. ಕಲಿಸುವವರ ಜೊತೆ 15 ದಿನ ಇದನ್ನೇ ಅಭ್ಯಾಸ ಮಾಡಿದೆ. ಗೇರ್ ಬದಲಿಸಲು ಇಂಜಿನ್ ಸದ್ದು ನನಗೆ ಸಿಗಲ್ಲ ಅಲ್ವಾ, ಮೀಟರ್ ನೋಡುತ್ತೇನೆ, ಕಾಲಿಗೆ ತಾಗುವ ಅದುರನ್ನೂ ಗಮನಿಸುತ್ತೇನೆ.

ಟೆಸ್ಟ್ ದಿನ ಬೇರೆ ಪರೀಕ್ಷಕರು. ಹೊರಡುವ ಮೊದಲು 5 ನಿಮಿಷ ಸನ್ನೆಗಳನ್ನು ಮಾಡಿ ನೋಡಿದೆವು. ನಿಲ್ಲಿಸೋಕೆ ಅಂಗೈ, ತಿರುಗೋಕೆ ಬೆರಳು. ಮಾರ್ಕ್ಸ್‌ನಲ್ಲಿ ರಿಯಾಯಿತಿ ಇರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ರಿವರ್ಸ್ ಪಾರ್ಕಿಂಗ್‌ನಲ್ಲಿ ಚಕ್ರ ಅಂಚಿಗೆ ತಾಗಿದ್ದಕ್ಕೆ ತಪ್ಪು ಹಾಕಿಯೇ ಹಾಕಿದರು. ಆದರೂ ಪಾಸ್.