ಹಾಬ್ ಕೊಳ್ಳುವ ಮುನ್ನ: ವೈರು, ಪಾತ್ರೆಯ ತಳ, ಸಣ್ಣ ಉರಿ

ಹಾಬ್ (ಅಡುಗೆ ಕಟ್ಟೆಯಲ್ಲಿ ಕಂಡಿ ಕೊರೆದು ಕೂರಿಸುವ ಒಲೆ) ಕೊಳ್ಳಲು ಹೊರಟವರ ಕಣ್ಣು ಮೊದಲು ಹೋಗುವುದು ಬರ್ನರ್ ಎಷ್ಟಿವೆ, ಗಾಜು ಯಾವ ಬಣ್ಣದ್ದು ಎಂಬುದರ ಕಡೆಗೆ. ಇವೆರಡನ್ನು ಕೊನೆಗೆ ನೋಡಿದರೂ ನಡೆಯುತ್ತದೆ. ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಮೂರು ವಿಷಯ ತಿಳಿದುಕೊಳ್ಳಿ: ಅಡುಗೆಮನೆಗೆ ಬಂದಿರುವ ವಿದ್ಯುತ್ ಲೈನ್ ಎಷ್ಟು ಆಂಪಿಯರ್ ತಾಳುತ್ತದೆ, ಕಪಾಟಿನಲ್ಲಿರುವ ಪಾತ್ರೆಗಳ ತಳ ಎಂಥದ್ದು, ದಿನದ ಅಡುಗೆಯಲ್ಲಿ ಹೆಚ್ಚು ಹೊತ್ತು ಬೇಕಾಗುವುದು ಜೋರು ಉರಿಯೋ ಸಣ್ಣ ಉರಿಯೋ. ಈ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆ ನೋಡಬೇಕಾದ ಮಾದರಿಗಳು ಬೆರಳೆಣಿಕೆಯಷ್ಟೇ ಉಳಿಯುತ್ತವೆ.

ಮೊದಲು ವೈರು

ವಿದ್ಯುತ್ ಹಾಬ್‌ನ ಅಡಿಭಾಗದ ಫಲಕದಲ್ಲಿ ಒಟ್ಟು ವ್ಯಾಟ್ ಬರೆದಿರುತ್ತದೆ. ನಾಲ್ಕು ಪಾತ್ರೆ ಇಡಬಹುದಾದ ಇಂಡಕ್ಷನ್ ಹಾಬ್ ಸಾಮಾನ್ಯವಾಗಿ 7.2ರಿಂದ 7.4 ಕಿಲೋವ್ಯಾಟ್‌ನದು. 230 ವೋಲ್ಟನ್ನು 32 ಆಂಪಿಯರ್‌ನಿಂದ ಗುಣಿಸಿದರೆ 7,360 ವ್ಯಾಟ್ ಬರುತ್ತದೆ. ಆ ಅಂಕಿ ಹುಟ್ಟಿದ್ದು ಅಲ್ಲಿಂದ. ಅಂದರೆ ಇಂಥ ಹಾಬ್‌ಗೆ ಮುಖ್ಯ ಬೋರ್ಡಿನಿಂದ ನೇರವಾಗಿ ಬರುವ, ಬೇರೆ ಯಾವ ಉಪಕರಣವೂ ಪಾಲು ಕೇಳದ 32 ಆಂಪಿಯರ್ ಲೈನ್ ಬೇಕು. ತಾಮ್ರದ ತಂತಿ ಸಾಮಾನ್ಯವಾಗಿ 6 ಚದರ ಮಿಲಿಮೀಟರ್ ದಪ್ಪದ್ದಿರಬೇಕು. ದೂರ ಹೆಚ್ಚಿದ್ದರೆ ಇನ್ನೂ ದಪ್ಪ ಬೇಕಾಗಬಹುದು. ಆ ಲೆಕ್ಕವನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಇರುವುದು 16 ಆಂಪಿಯರ್ ಪ್ಲಗ್ ಮಾತ್ರ ಎಂದಾದರೆ ಅದರಿಂದ ಹೆಚ್ಚೆಂದರೆ 3,680 ವ್ಯಾಟ್ ಸಿಗುತ್ತದೆ. ಎರಡು ಕಾಯಿಲ್‌ನ, ಅಂದರೆ ಎರಡು ಪಾತ್ರೆ ಇಡುವ ಹಾಬ್‌ಗೆ ಇದು ಸಾಕು. ನಾಲ್ಕು ಕಾಯಿಲ್‌ನ ಕೆಲವು ಹಾಬ್‌ಗಳಲ್ಲಿ ಒಟ್ಟು ವಿದ್ಯುತ್ತಿಗೆ ಮಿತಿ ಹಾಕುವ ಸೆಟ್ಟಿಂಗ್ ಇರುತ್ತದೆ, 2.8 ಅಥವಾ 3.5 ಕಿಲೋವ್ಯಾಟ್‌ಗೆ ಇಳಿಸಬಹುದು. ಹಾಗೆ ಇಳಿಸಿದ ಹಾಬ್ ಸುರಕ್ಷಿತವಾಗಿಯೇ ನಡೆಯುತ್ತದೆ. ಆದರೆ ಒಂದರ ಮೇಲೆ ನೀರು ಕುದಿಯುತ್ತಿರುವಾಗ ಪಕ್ಕದ ಬಾಣಲೆಯಲ್ಲಿ ಹುರಿಯುವಷ್ಟು ಶಾಖ ಬರುವುದಿಲ್ಲ. ನಾಲ್ಕು ಕಾಯಿಲ್‌ಗೆ ದುಡ್ಡು ಕೊಟ್ಟು ಎರಡರ ಕೆಲಸ ಪಡೆದಂತಾಗುತ್ತದೆ.

ಸಾಕಷ್ಟು ತಾಳದ ಲೈನಿಗೆ ದೊಡ್ಡ ಹಾಬ್ ಹಾಕಿದರೆ ಎಂಸಿಬಿ (ಹೊರೆ ಹೆಚ್ಚಾದಾಗ ಲೈನ್ ಕಡಿಯುವ ಬೋರ್ಡಿನ ಸ್ವಿಚ್) ಬೀಳುತ್ತದೆ. ಬಿದ್ದರೆ ಒಳ್ಳೆಯದೇ. ಬೀಳದೆ ಇದ್ದಾಗಲೇ ಅಪಾಯ: ಪ್ಲಗ್‌ನ ಪಿನ್ ಸಡಿಲವಿದ್ದ ಕಡೆ ಕಾವು ಏರಿ, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಮೀನು ಸುಟ್ಟಂಥ ವಾಸನೆ ಬರತೊಡಗುತ್ತದೆ. ಆ ವಾಸನೆ ಬಂದರೆ ಅಡುಗೆ ಅರ್ಧಕ್ಕೇ ನಿಲ್ಲಿಸಿ, ಬೋರ್ಡಿನಲ್ಲಿ ಲೈನ್ ಆಫ್ ಮಾಡಿ. ಒಂದು ಎಂಸಿಬಿ ಪದೇಪದೇ ಬೀಳುತ್ತದೆಂದು ಅದರ ಜಾಗಕ್ಕೆ ಹೆಚ್ಚು ಆಂಪಿಯರ್‌ನದನ್ನು ಹಾಕಿಸಬೇಡಿ. ಎಂಸಿಬಿ ಕಾಪಾಡುವುದು ತಂತಿಯನ್ನು, ತಂತಿ ಹಳೆಯದೇ ಉಳಿದಿರುತ್ತದೆ.

ಪಾತ್ರೆಗಳ ಪರೀಕ್ಷೆ

ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ ಒಂದನ್ನು ತೆಗೆದುಕೊಂಡು ಪ್ರತಿ ಪಾತ್ರೆಯ ತಳಕ್ಕೂ ಹಿಡಿಯಿರಿ. ಗಟ್ಟಿಯಾಗಿ ಕಚ್ಚಿಕೊಂಡರೆ ಅದು ಇಂಡಕ್ಷನ್‌ಗೆ ಒಗ್ಗುತ್ತದೆ. ಹಿಡಿದೂ ಹಿಡಿಯದಂತೆ ಜಾರಿದರೆ ಪಾತ್ರೆ ಕಾಯುವುದು ನಿಧಾನ, ಹಾಬ್ ಗುರುತು ಹಿಡಿಯದೆಯೂ ಇರಬಹುದು. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ, ಮಣ್ಣು, ಗಾಜು ಯಾವುದೂ ಮ್ಯಾಗ್ನೆಟ್ಟಿಗೆ ಸಿಗುವುದಿಲ್ಲ. ಸ್ಟೀಲ್ ಎಂದ ಮಾತ್ರಕ್ಕೆ ನಂಬಬೇಡಿ, ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಮ್ಯಾಗ್ನೆಟ್ ಹಿಡಿಯದ ಬಗೆಗಳು ಬೇಕಾದಷ್ಟಿವೆ.

ತಳಕ್ಕೆ ಸ್ಟೀಲ್ ಬಿಲ್ಲೆ ಅಂಟಿಸಿದ ಅಲ್ಯೂಮಿನಿಯಂ ಪಾತ್ರೆಗಳಲ್ಲಿ ಪಾತ್ರೆಯ ಅಗಲದ ಬದಲು ಬಿಲ್ಲೆಯ ಅಗಲ ಅಳೆಯಿರಿ. 26 ಸೆಂಟಿಮೀಟರ್ ಬಾಣಲೆಗೆ 16 ಸೆಂಟಿಮೀಟರ್ ಬಿಲ್ಲೆ ಇದ್ದರೆ ಬಿಸಿಯಾಗುವುದು ಆ 16 ಸೆಂಟಿಮೀಟರ್ ಮಾತ್ರ; ನಡುವೆ ಸೀದು ಅಂಚು ಹಸಿಯಾಗಿ ಉಳಿಯುತ್ತದೆ.

ಆಮೇಲೆ ಪಾತ್ರೆಯನ್ನು ಬೋರಲು ಹಾಕಿ ತಳದ ಮೇಲೆ ಸ್ಟೀಲ್ ಸ್ಕೇಲ್ ಅಡ್ಡಡ್ಡ ಇಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ಕೂದಲೆಳೆಯಷ್ಟು ಸಂದು ಕಂಡರೆ ತೊಂದರೆಯಿಲ್ಲ, ಬಿಸಿಯಾದಾಗ ಲೋಹ ಹಿಗ್ಗಿ ಚಪ್ಪಟೆಯಾಗುತ್ತದೆ. ನಡುಭಾಗ ಉಬ್ಬಿ ಸ್ಕೇಲ್ ಆ ಕಡೆ ಈ ಕಡೆ ತೂಗಾಡಿದರೆ ಆ ಪಾತ್ರೆ ಗಾಜಿನ ಮೇಲೆ ಬುಗುರಿಯಂತೆ ತಿರುಗುತ್ತದೆ. ಗ್ಯಾಸಿನ ಮೇಲೆ ಮಾತ್ರ ಅದಕ್ಕೆ ಬಾಳು. ಗುಂಡು ತಳದ ಬಾಣಲೆಗಳದೂ ಅದೇ ಕಥೆ.

ಇಂಡಕ್ಷನ್: ಸಣ್ಣ ಉರಿಯೇ ಪರೀಕ್ಷೆ

ಗಾಜಿನ ಕೆಳಗಿನ ತಾಮ್ರದ ಕಾಯಿಲ್‌ನಲ್ಲಿ ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ. ಅದರ ಕಾಂತಕ್ಷೇತ್ರ ಪಾತ್ರೆಯ ತಳದಲ್ಲೇ ಸುಳಿಯಂತೆ ಸುತ್ತುವ ವಿದ್ಯುತ್ ಹುಟ್ಟಿಸಿ ತಳವನ್ನು ಕಾಯಿಸುತ್ತದೆ. ಗಾಜು ಬಿಸಿಯಾಗುವುದು ಪಾತ್ರೆಯಿಂದ ಮರಳಿ ಬಂದ ಕಾವಿಗೆ. ಹೀಗಾಗಿ ಉಕ್ಕಿದ ಹಾಲು ಗಾಜಿನ ಮೇಲೆ ಸೀದು ಕಚ್ಚುವುದು ಕಡಿಮೆ, ಒರೆಸಿದರೆ ಹೋಗುತ್ತದೆ.

ವೇಗದ ಲೆಕ್ಕ ಹೀಗಿದೆ. 2 ಲೀಟರ್ ನೀರನ್ನು 20 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಸುಮಾರು 670 ಕಿಲೋಜೂಲ್ ಶಾಖ ನೀರಿಗೆ ಸೇರಬೇಕು. ಇಂಡಕ್ಷನ್‌ನಲ್ಲಿ ನೂರಕ್ಕೆ 85ರಷ್ಟು ಪಾತ್ರೆಗೆ ಮುಟ್ಟುತ್ತದೆ ಎಂದಿಟ್ಟುಕೊಂಡರೆ 2 ಕಿಲೋವ್ಯಾಟ್‌ನಲ್ಲಿ ಆರೂವರೆ ನಿಮಿಷ. ಗ್ಯಾಸಿನಲ್ಲಿ ಪಾತ್ರೆಗೆ ಮುಟ್ಟುವುದು ಕಡಿಮೆ, ನೂರಕ್ಕೆ 45 ಎಂದಿಟ್ಟುಕೊಳ್ಳಿ; ಉಳಿದದ್ದು ಪಾತ್ರೆಯ ಪಕ್ಕದಿಂದ ಮೇಲೆ ಹೋಗುತ್ತದೆ. ಆ ಲೆಕ್ಕದಲ್ಲಿ 3 ಕಿಲೋವ್ಯಾಟ್ ಬರ್ನರ್ ಇದ್ದರೂ ಎಂಟು ನಿಮಿಷ ದಾಟುತ್ತದೆ. ಗಾಜಿನ ಕೆಳಗೆ ಸುರುಳಿ ಕಾಯುವ ಸೆರಾಮಿಕ್ ಹಾಬ್‌ನ 1.8 ಕಿಲೋವ್ಯಾಟ್ ವಲಯ ನೂರಕ್ಕೆ 70ರ ಲೆಕ್ಕದಲ್ಲಿ ಒಂಬತ್ತು ನಿಮಿಷದ ಹತ್ತಿರ ತೆಗೆದುಕೊಳ್ಳುತ್ತದೆ.

ವೇಗವೆಲ್ಲ ಸರಿ, ಇಂಡಕ್ಷನ್ ಹಾಬ್‌ಗಳ ನಡುವಿನ ನಿಜವಾದ ವ್ಯತ್ಯಾಸ ಗೊತ್ತಾಗುವುದು ಕಡಿಮೆ ಶಾಖದಲ್ಲಿ. ಅಗ್ಗದ ಹಾಬ್‌ನ ಒಳಗಿನ ಸರ್ಕ್ಯೂಟ್‌ಗೆ ಒಂದು ಮಟ್ಟಕ್ಕಿಂತ ಕೆಳಗೆ ಸತತವಾಗಿ ನಡೆಯಲು ಬರುವುದಿಲ್ಲ. 300 ವ್ಯಾಟ್ ಕೇಳಿದರೆ ಅದು 1,000 ವ್ಯಾಟ್‌ನಲ್ಲಿ ಮೂರು ಸೆಕೆಂಡು ಓಡಿ ಏಳು ಸೆಕೆಂಡು ಸುಮ್ಮನಾಗುತ್ತದೆ. ಸರಾಸರಿ ಸರಿಯಾಗಿಯೇ ಇರುತ್ತದೆ, ಹಾಲಿಗೆ ಮಾತ್ರ ಸರಾಸರಿ ಗೊತ್ತಾಗುವುದಿಲ್ಲ. ಆ ಮೂರು ಸೆಕೆಂಡಿನಲ್ಲೇ ತಳ ಹಿಡಿದುಬಿಡುತ್ತದೆ. ಅಂಗಡಿಯಲ್ಲಿ ಹೀಗೆ ನೋಡಿ: ತೆಳು ತಳದ ಪಾತ್ರೆಯಲ್ಲಿ ಅರ್ಧ ಲೀಟರ್ ನೀರು ಕುದಿಸಿ, ಆಮೇಲೆ ಎರಡು ಅಥವಾ ಮೂರನೆಯ ಮಟ್ಟಕ್ಕೆ ಇಳಿಸಿ, ಒಂದು ನಿಮಿಷ ಕಣ್ಣು ಕೀಳದೆ ನೋಡಿ. ತಳದಿಂದ ಗುಳ್ಳೆಗಳು ಒಂದೇ ಹದದಲ್ಲಿ ಏಳುತ್ತಿದ್ದರೆ ಒಳ್ಳೆಯ ಹಾಬ್. ಒಮ್ಮೆ ಭುಸ್ಸೆಂದು ಎದ್ದು, ಪೂರ್ತಿ ನಿಂತು, ಮತ್ತೆ ಎದ್ದರೆ ಬಿಟ್ಟು ಬನ್ನಿ. ದಪ್ಪ ತಳದ ಪಾತ್ರೆ ಈ ದೋಷವನ್ನು ಮುಚ್ಚಿಹಾಕುತ್ತದೆ, ಆದ್ದರಿಂದಲೇ ತೆಳು ತಳದ್ದು ಬೇಕು.

ಪಕ್ಕಪಕ್ಕದ ಎರಡು ಕಾಯಿಲ್‌ಗಳು ಬಹಳ ಹಾಬ್‌ಗಳಲ್ಲಿ ಒಂದೇ ಸರ್ಕ್ಯೂಟ್ ಹಂಚಿಕೊಳ್ಳುತ್ತವೆ. ಒಂದಕ್ಕೆ ಬೂಸ್ಟ್ (ಸ್ವಲ್ಪ ಹೊತ್ತಿನ ಹೆಚ್ಚುವರಿ ಶಾಖ) ಕೊಟ್ಟರೆ ಇನ್ನೊಂದು ತಾನಾಗಿಯೇ ಇಳಿಯುತ್ತದೆ. ಅದು ಕೆಟ್ಟಿದ್ದಲ್ಲ. ಜೋರು ಶಾಖದ ಎರಡು ಪಾತ್ರೆಗಳನ್ನು ಬೇರೆ ಬೇರೆ ಬದಿಗೆ ಇಟ್ಟರೆ ಸಮಸ್ಯೆ ತೀರುತ್ತದೆ. ಪದರ ಪದರದ ತಳವಿರುವ ಪಾತ್ರೆ ಜೋರಿನಲ್ಲಿ ಗುಂಯ್ ಎನ್ನುವುದೂ, ಆರಿಸಿದ ಮೇಲೆ ಕೆಳಗಿನ ಫ್ಯಾನ್ ಕೆಲವು ನಿಮಿಷ ತಿರುಗುವುದೂ ಸಹಜ.

ಬೀಡು ಕಬ್ಬಿಣದ ಕಾವಲಿಯನ್ನು ಇಂಡಕ್ಷನ್ ಮೇಲಿಟ್ಟು ಒಮ್ಮೆಲೇ ಪೂರ್ತಿ ಏರಿಸಬಾರದು. ಕಾಯಿಲ್‌ನ ಉಂಗುರದ ಮೇಲಿನ ಭಾಗ ಮಾತ್ರ ಕಾದು ಅಂಚು ತಣ್ಣಗಿರುತ್ತದೆ, ಕಾವಲಿ ಬಾಗಬಹುದು, ಬಿರುಕೂ ಬಿಡಬಹುದು. ನಡು ಮಟ್ಟದಲ್ಲಿ ಐದಾರು ನಿಮಿಷ ಬಿಟ್ಟು ಆಮೇಲೆ ಏರಿಸಿ. ಮನೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರಿದ್ದರೆ ಕೊಳ್ಳುವ ಮೊದಲೇ ಅವರ ವೈದ್ಯರನ್ನು ಕೇಳಿ. ಚಾಲೂ ಇರುವ ಕಾಯಿಲ್‌ನಿಂದ ಸುಮಾರು 60 ಸೆಂಟಿಮೀಟರ್ ದೂರವಿರಬೇಕೆಂದು ಸಾಮಾನ್ಯವಾಗಿ ಹೇಳುತ್ತಾರೆ.

ಗ್ಯಾಸ್: ಜೆಟ್, ಉರಿ, ಸುರಕ್ಷೆ

ಗುಂಡು ತಳದ ಬಾಣಲೆ, ಬಾಗಿದ ಪಾತ್ರೆ, ಅಲ್ಯೂಮಿನಿಯಂ ಎಲ್ಲವೂ ಗ್ಯಾಸಿನ ಮೇಲೆ ನಡೆಯುತ್ತವೆ, ಕರೆಂಟು ಹೋದರೂ ಅಡುಗೆ ನಿಲ್ಲುವುದಿಲ್ಲ. ಬರ್ನರ್‌ಗಳ ಸಂಖ್ಯೆಗಿಂತ ಅವುಗಳ ಕಿಲೋವ್ಯಾಟ್ ಓದಿ. ಸಣ್ಣದು ಸುಮಾರು 1, ನಡುವಿನದು 1.75, ದೊಡ್ಡದು 3, ಎರಡು ಮೂರು ಉಂಗುರದ್ದು 3.5ರಿಂದ 5. ನಾಲ್ಕೂ ದೊಡ್ಡ ಬರ್ನರ್ ಇರುವ ಹಾಬ್ ಕೊಂಡವರು ಚಿಕ್ಕ ಪಾತ್ರೆ ಇಟ್ಟಾಗ ಉರಿ ಪಾತ್ರೆಯ ಹೊರಗೆ ಹಬ್ಬಿ ಹಿಡಿಯನ್ನು ಸುಡುತ್ತದೆ. ಒಂದಾದರೂ 1 ಕಿಲೋವ್ಯಾಟ್ ಬರ್ನರ್ ಇರಲೇಬೇಕು.

ಸಿಲಿಂಡರ್ ಗ್ಯಾಸಿಗೂ ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲಕ್ಕೂ ಜೆಟ್ (ಬರ್ನರ್‌ಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಲೋಹದ ತುಂಡು) ಬೇರೆ. ಜೆಟ್‌ನ ಮೇಲೆ ಕೆತ್ತಿದ ಅಂಕಿ ತೂತಿನ ಅಗಲವನ್ನು ಮಿಲಿಮೀಟರಿನ ನೂರನೇ ಭಾಗದಲ್ಲಿ ಹೇಳುತ್ತದೆ: 3 ಕಿಲೋವ್ಯಾಟ್ ಬರ್ನರ್‌ಗೆ ಸಿಲಿಂಡರ್ ಗ್ಯಾಸಿನಲ್ಲಿ 85ರ ಆಸುಪಾಸು, ನೈಸರ್ಗಿಕ ಅನಿಲದಲ್ಲಿ 115ರ ಆಸುಪಾಸು. ಅದಲುಬದಲಾದರೆ ಒಂದು ಕಡೆ ಉರಿ ಮಂಕಾಗುತ್ತದೆ, ಇನ್ನೊಂದು ಕಡೆ ಹಳದಿ ಜ್ವಾಲೆ ಎತ್ತರಕ್ಕೆದ್ದು ಮಸಿ ಕೂರುತ್ತದೆ. ಜೆಟ್ ಬದಲಿಸಿದವರು ನಾಬ್ ಕೆಳಗಿನ ಸಣ್ಣ ಉರಿಯ ಸ್ಕ್ರೂವನ್ನೂ ಹೊಂದಿಸಬೇಕು. ಇದನ್ನು ಮರೆತುಬಿಡುವುದು ಸಾಮಾನ್ಯ, ಆಗ ಸಿಮ್‌ಗೆ ತಿರುಗಿಸಿದೊಡನೆ ಉರಿ ಆರಿಹೋಗುತ್ತದೆ ಇಲ್ಲವೇ ಸಿಮ್ ಎನ್ನುವುದೇ ಇರುವುದಿಲ್ಲ.

ಉರಿ ಆರಿದರೆ ಗ್ಯಾಸ್ ತಾನೇ ನಿಲ್ಲುವ ಸುರಕ್ಷಾ ವ್ಯವಸ್ಥೆ ಇಲ್ಲದ ಹಾಬ್ ಕೊಳ್ಳಲೇಬೇಡಿ. ಬರ್ನರ್ ಪಕ್ಕದಲ್ಲಿ ಎರಡು ಸಣ್ಣ ಕಡ್ಡಿ ಕಾಣುತ್ತವೆ: ಬಿಳಿ ಪಿಂಗಾಣಿಯದ್ದು ಕಿಡಿ ಹಾರಿಸಲು, ಬರಿಯ ಲೋಹದ್ದು ಥರ್ಮೋಕಪಲ್. ಥರ್ಮೋಕಪಲ್‌ನ ತುದಿ ಉರಿಯಲ್ಲಿ ಕಾದಾಗ ಹುಟ್ಟುವ ಕೆಲವು ಮಿಲಿವೋಲ್ಟ್ ವಿದ್ಯುತ್ತೇ ಗ್ಯಾಸ್ ಕವಾಟವನ್ನು ತೆರೆದು ಹಿಡಿಯುತ್ತದೆ. ಹೊತ್ತಿಸಿದ ಮೇಲೆ ನಾಬನ್ನು ಐದಾರು ಸೆಕೆಂಡು ಒತ್ತಿಹಿಡಿಯಬೇಕಾಗುವುದು ಆ ತುದಿ ಕಾಯಲೆಂದು. ಕೈ ಬಿಟ್ಟ ಕೂಡಲೇ ಆರುತ್ತಿದ್ದರೆ ಮೊದಲು ತಣ್ಣಗಾದ ತುದಿಯ ಜಿಡ್ಡನ್ನು ಒರಟು ಬಟ್ಟೆಯಿಂದ ಒರೆಸಿ, ಬರ್ನರ್ ಮುಚ್ಚಳ ಸರಿಯಾಗಿ ಕೂತಿದೆಯೇ ನೋಡಿ. ಹೆಚ್ಚಿನ ಸಲ ಅಲ್ಲಿಗೇ ಸರಿಹೋಗುತ್ತದೆ.

ಗ್ಯಾಸ್ ಹಾಬ್‌ಗೆ ಗಾಜಿನ ಮೇಲ್ಮೈ ಚೆಂದ, ನಿಜ. ಆದರೆ ಅದು ಗಟ್ಟಿಗೊಳಿಸಿದ ಸಾದಾ ಗಾಜು, ಇಂಡಕ್ಷನ್‌ನ ಗ್ಲಾಸ್ ಸೆರಾಮಿಕ್ ಅಲ್ಲ. ಬರ್ನರ್‌ಗಿಂತ ತೀರಾ ದೊಡ್ಡ ಪಾತ್ರೆ ಗಂಟೆಗಟ್ಟಲೆ ಇದ್ದರೆ ಉರಿ ತಳದಿಂದ ಮರಳಿ ಗಾಜಿಗೆ ಬಡಿದು ಗಾಜು ಪುಡಿಪುಡಿಯಾಗಬಹುದು. ದೊಡ್ಡ ಪಾತ್ರೆಯ ಅಡುಗೆ ಪದೇಪದೇ ಇರುವ ಮನೆಗೆ ಸ್ಟೀಲ್ ಮೇಲ್ಮೈ ಒಳ್ಳೆಯದು.

ಸೆರಾಮಿಕ್ ಮತ್ತು ಕಬ್ಬಿಣದ ತಟ್ಟೆ

ಸೆರಾಮಿಕ್ ಹಾಬ್‌ನಲ್ಲಿ ಗಾಜಿನ ಕೆಳಗೆ ಕೆಂಪಗೆ ಕಾಯುವ ಸುರುಳಿ ಇರುತ್ತದೆ. ತಳ ಚಪ್ಪಟೆಯಾಗಿದ್ದರೆ ಯಾವ ಲೋಹವೂ ಆಗುತ್ತದೆ. ಆರಿಸಿದ ಮೇಲೂ ಕಾವು ಬಹಳ ಹೊತ್ತು ಇರುತ್ತದೆ, ಉಕ್ಕುವ ಹಾಲನ್ನು ಸ್ವಿಚ್ ತಿರುಗಿಸಿ ನಿಲ್ಲಿಸಲಾಗುವುದಿಲ್ಲ, ಪಾತ್ರೆಯನ್ನೇ ಎತ್ತಬೇಕು. ಸಕ್ಕರೆ ಪಾಕ ಚೆಲ್ಲಿದರೆ ಮಾತ್ರ ತಣ್ಣಗಾಗಲು ಬಿಡಬೇಡಿ; ಹೆಪ್ಪುಗಟ್ಟುವಾಗ ಅದು ಗಾಜಿನ ಚಕ್ಕೆಯನ್ನೇ ಕೀಳುತ್ತದೆ. ಶಾಖ ಆರಿಸಿ, ಕೈಗೆ ದಪ್ಪ ಗವಸು ಹಾಕಿ, ಬ್ಲೇಡ್ ಸ್ಕ್ರೇಪರನ್ನು ಓರೆಯಾಗಿ ಹಿಡಿದು ಬಿಸಿಯಿದ್ದಾಗಲೇ ಪಕ್ಕಕ್ಕೆ ತಳ್ಳಿ.

ಕಬ್ಬಿಣದ ತಟ್ಟೆಯ ಹಾಬ್ ಎಲ್ಲಕ್ಕಿಂತ ನಿಧಾನ. ನಡುವೆ ಕೆಂಪು ಚುಕ್ಕೆ ಇರುವ ತಟ್ಟೆ ಬೇಗ ಕಾಯುವ ಬಗೆ. ಬಾಡಿಗೆ ಮನೆಗೆ, ಅಪರೂಪದ ಬಳಕೆಗೆ ಸಾಕು, ದಿನದ ಅಡುಗೆಗೆ ಬೇಡ.

ಅಳತೆ ಮತ್ತು ಕೂರಿಸುವಿಕೆ

60 ಸೆಂಟಿಮೀಟರ್ ಹಾಬ್‌ಗೆ ಕಟ್ಟೆಯಲ್ಲಿ ಕೊರೆಯುವ ಕಂಡಿ ಸಾಮಾನ್ಯವಾಗಿ 560 × 490 ಮಿಲಿಮೀಟರ್. ಆದರೂ ಹಾಬ್ ಮನೆಗೆ ಬರುವ ತನಕ ಕಲ್ಲು ಕೊಯ್ಯಿಸಬೇಡಿ. ದೊಡ್ಡದಾದ ಕಂಡಿಯನ್ನು ಚಿಕ್ಕದು ಮಾಡಲಾಗದು. ಕೊಳ್ಳುವ ಮೊದಲು ನಿಮ್ಮ ನಾಲ್ಕು ಪಾತ್ರೆಗಳ ಅಗಲಕ್ಕೆ ಹಳೆಯ ಪೇಪರಿನಲ್ಲಿ ವೃತ್ತ ಕತ್ತರಿಸಿಕೊಂಡು ಹೋಗಿ ಹಾಬ್ ಮೇಲೆ ಹರಡಿ ನೋಡಿ. ಒಂದರ ಮೇಲೊಂದು ಬಿದ್ದರೆ ನಾಲ್ಕು ಬರ್ನರ್ ಇದ್ದೂ ಮೂರೇ ಪಾತ್ರೆ ಇಡಬಲ್ಲಿರಿ.

ಇಂಡಕ್ಷನ್ ಕೆಳಗೆ ಗಾಳಿ ಆಡಲು ಕೈಪಿಡಿ ಹೇಳಿದಷ್ಟು ಸಂದು ಬಿಡಿ. ಕೆಳಗಿನ ಡ್ರಾಯರಿನಲ್ಲಿ ಪೇಪರ್, ಪ್ಲಾಸ್ಟಿಕ್ ಚೀಲ ತುಂಬಿದರೆ ಫ್ಯಾನ್ ಅದನ್ನೇ ಎಳೆದುಕೊಂಡು, ಬಿಸಿ ಹೆಚ್ಚಾಗಿ ಹಾಬ್ ಅರ್ಧ ಅಡುಗೆಗೇ ನಿಲ್ಲುತ್ತದೆ. ಮರದ ಹಲಗೆಯ ಕಟ್ಟೆಯಾದರೆ ಕೊರೆದ ಅಂಚಿಗೆ ವಾರ್ನಿಷ್ ಅಥವಾ ಸಿಲಿಕೋನ್ ಬಳಿಸಿ, ಇಲ್ಲವಾದರೆ ನೀರು ಕುಡಿದು ಊದುತ್ತದೆ.

ಗ್ಯಾಸ್ ಜೋಡಣೆಯನ್ನು ಪರವಾನಗಿ ಇರುವವರಿಂದಲೇ ಮಾಡಿಸಿ. ಅವರು ಹೊರಡುವ ಮೊದಲು ನಾಬ್‌ಗಳೆಲ್ಲ ಮುಚ್ಚಿದ್ದು ಗ್ಯಾಸ್ ತೆರೆದಿರುವಾಗ ಪೈಪಿನ ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿಸಿ. ಒಂದು ಗುಳ್ಳೆ ಬೆಳೆದರೂ ಬಿಚ್ಚಿ ಮತ್ತೆ ಕೂರಿಸಬೇಕು. ಕಡ್ಡಿ ಗೀರಿ ನೋಡುವವರನ್ನು ಅಲ್ಲೇ ತಡೆಯಿರಿ. ಆಮೇಲೆ ಎಲ್ಲ ಬರ್ನರ್ ಹೊತ್ತಿಸಿ, ಉರಿಯ ಬುಡದಲ್ಲಿ ಚೂಪಾದ ತಿಳಿನೀಲಿ ಮೊನೆಗಳು ಕಾಣುತ್ತಿವೆಯೇ, ಸಿಮ್‌ನಲ್ಲಿ ಕಪಾಟಿನ ಬಾಗಿಲನ್ನು ಜೋರಾಗಿ ಮುಚ್ಚಿದರೂ ಉರಿ ಆರದೆ ಉಳಿಯುತ್ತದೆಯೇ ನೋಡಿ. ಕೊನೆಯದಾಗಿ ಹಾಬ್‌ನ ಅಂಚನ್ನು ಗಮನಿಸಿ: ಡಬ್ಬದಲ್ಲಿ ಬಂದ ಸ್ಪಂಜಿನ ಪಟ್ಟಿಯ ಮೇಲೆ ಅದು ಕೂತಿರಬೇಕು. ಕಟ್ಟೆಗೆ ಸಿಲಿಕೋನ್‌ನಿಂದ ಅಂಟಿಸಿಬಿಟ್ಟರೆ ರಿಪೇರಿಗೆ ಬಂದವರು ಗಾಜು ಒಡೆಯದೆ ಅದನ್ನು ಎತ್ತಲಾರರು.